ಏಳೂವರೆ ಎಂದರೆ ಏಳೂವರೆ

ಜಯನಗರದ ಮನೆಯೊಂದಕ್ಕೆ ಮದುವೆಯ ಕರೆಯೋಲೆ ಬರುತ್ತದೆ. ಮೂಲೆಗಳಿಗೆ ಅರಿಸಿನದ ಲೇಪ, ಮೇಲೆ ಕುಲದೇವತೆಯ ಹೆಸರು, ಕೆಳಗೆ ಎರಡು ವೇಳೆ. ಮೊದಲನೆಯದು ಧಾರಾಮುಹೂರ್ತ: ಬೆಳಗ್ಗೆ 10-20ರಿಂದ 11-05ರೊಳಗೆ ಸಲ್ಲುವ ಶುಭಲಗ್ನ. ಎರಡನೆಯದು ಆರತಕ್ಷತೆ: ಸಂಜೆ 6-30ಕ್ಕೆ ಸರಿಯಾಗಿ. ಒಂದೇ ಕಾಗದ, ಒಂದೇ ಮಸಿ, ಒಂದೇ ಅಚ್ಚು. ಆದರೆ ಮನೆಯ ಯಜಮಾನರು ಈ ಎರಡು ವೇಳೆಗಳನ್ನು ಒಂದೇ ಕಣ್ಣಿನಿಂದ ಓದುವುದಿಲ್ಲ. “ಮುಹೂರ್ತಕ್ಕೆ ಹತ್ತು ಗಂಟೆಗೇ ಅಲ್ಲಿರಬೇಕು” ಎಂದು ಮನೆಮಂದಿಯನ್ನೆಲ್ಲ ಅವಸರಪಡಿಸುತ್ತಾರೆ. ಆರತಕ್ಷತೆಯ ಮಾತು ಬಂದಾಗ, “ಎಂಟಕ್ಕೆ ಹೊರಟರಾಯಿತು, ಅಷ್ಟು ಹೊತ್ತಿಗೆ ವಧೂವರರೇ ಬಂದಿರುವುದಿಲ್ಲ” ಎಂದು ನಿಶ್ಚಿಂತೆಯಿಂದ ಪತ್ರಿಕೆ ಹಿಡಿದು ಕೂರುತ್ತಾರೆ. ಅವರ ಎಣಿಕೆ ತಪ್ಪುವುದೂ ಇಲ್ಲ.

ಇದರಲ್ಲಿ ಹೊಸತೇನು ಎಂದು ಓದುಗರು ಕೇಳಬಹುದು. ಹೊಸತೇನೂ ಇಲ್ಲ. ಇಷ್ಟು ಹಳೆಯದಾಗಿ, ಇಷ್ಟು ಸಹಜವಾಗಿ ಹೋಗಿರುವುದರಿಂದಲೇ ಅದನ್ನು ಒಮ್ಮೆ ನಿಂತು ನೋಡಬೇಕಾಗಿದೆ. ಬೆಳಗ್ಗೆ ಐದು ನಿಮಿಷ ಮೀರಿದರೆ ತಳಮಳಗೊಳ್ಳುವ ಅದೇ ಗೃಹಸ್ಥರು ಸಂಜೆ ಒಂದೂವರೆ ಗಂಟೆ ಮೀರಿದರೂ ಅಳುಕದಿರುವುದು ಹೇಗೆ?

“ನಮ್ಮ ಜನಕ್ಕೆ ಕಾಲದ ಪರಿವೆಯೇ ಇಲ್ಲ” ಎಂದು ಹೇಳಿಬಿಡುವುದು ಸುಲಭ. ವಿದೇಶಕ್ಕೆ ಹೋಗಿ ಬಂದವರು ಈ ಮಾತನ್ನು ಹೆಚ್ಚಾಗಿ ಹೇಳುತ್ತಾರೆ. ಆದರೆ ಆ ಮಾತು ನಿಜವಲ್ಲ. ಕಾಲವನ್ನು ಇಷ್ಟು ಸೂಕ್ಷ್ಮವಾಗಿ ಕತ್ತರಿಸಿ ಅಳೆದವರು ಕಡಿಮೆ. ದಿನಕ್ಕೆ 60 ಘಳಿಗೆ. ಒಂದು ಘಳಿಗೆಗೆ 24 ನಿಮಿಷ. ಘಳಿಗೆಗೆ 60 ವಿಘಳಿಗೆ. ಒಂದು ವಿಘಳಿಗೆಗೆ 24 ಸೆಕೆಂಡು. ಎರಡು ಘಳಿಗೆ ಸೇರಿದರೆ ಒಂದು ಮುಹೂರ್ತ, ಅಂದರೆ 48 ನಿಮಿಷ. ಗಡಿಯಾರ ಮನೆಗೆ ಬರುವ ಮುನ್ನ ಮದುವೆಯ ಚಪ್ಪರದಲ್ಲಿ ಘಳಿಗೆಬಟ್ಟಲು ಇರುತ್ತಿತ್ತು. ತಳದಲ್ಲಿ ಸಣ್ಣ ರಂಧ್ರವಿರುವ ತಾಮ್ರದ ಬಟ್ಟಲನ್ನು ನೀರಿನ ಮೇಲೆ ತೇಲಬಿಟ್ಟರೆ, ಅದು ತುಂಬಿ ಮುಳುಗುವ ಹೊತ್ತಿಗೆ ಒಂದು ಘಳಿಗೆ. ಅದನ್ನು ನೋಡುತ್ತ ಕುಳಿತವನು ಕಣ್ಣು ಮಿಟುಕಿಸುವಂತಿರಲಿಲ್ಲ.

ಈಗಲೂ ಬನಶಂಕರಿಯ ದೇವಸ್ಥಾನಕ್ಕೆ ಹೋಗಿ ನೋಡಬಹುದು. ಕನಕಪುರ ರಸ್ತೆಯ ಆ ಗುಡಿಯಲ್ಲಿ ರಾಹುಕಾಲವೇ ಪೂಜೆಯ ವೇಳೆ. ಉಳಿದೆಡೆ ಜನ ಯಾವ ಹೊತ್ತನ್ನು ಅಶುಭವೆಂದು ಬಿಡುತ್ತಾರೋ, ಅದೇ ಹೊತ್ತಿನಲ್ಲಿ ಇಲ್ಲಿ ನಿಂಬೆಯ ಹಣ್ಣಿನ ಹೋಳನ್ನು ಮಗುಚಿ, ಅದರಲ್ಲಿ ಎಣ್ಣೆ ಬತ್ತಿ ಹಾಕಿ ದೀಪ ಹಚ್ಚುತ್ತಾರೆ. ಮಂಗಳವಾರವಾದರೆ ಮೂರರಿಂದ ನಾಲ್ಕೂವರೆ, ಶುಕ್ರವಾರವಾದರೆ ಹತ್ತೂವರೆಯಿಂದ ಹನ್ನೆರಡು, ಭಾನುವಾರವಾದರೆ ನಾಲ್ಕೂವರೆಯಿಂದ ಆರು. ಮನೆಗೆಲಸ ಮುಗಿಸಿ, ಬಸ್ಸು ಹಿಡಿದು, ಹಣತೆಯ ತಟ್ಟೆ ಹೊತ್ತು ಬರುವ ಹೆಂಗಸರಿಗೆ ಈ ವೇಳಾಪಟ್ಟಿ ಬಾಯಿಪಾಠ. ಯಾರೂ ಅವರಿಗೆ ಸಮಯಪಾಲನೆಯ ಉಪದೇಶ ಮಾಡಬೇಕಾಗಿಲ್ಲ.

ಹಾಗಾದರೆ ಗಡಿಯಾರದ ಕೊರತೆಯೇ? ಅದೂ ಅಲ್ಲ. ದೇಶಕ್ಕೆಲ್ಲ ಒಂದೇ ವೇಳೆ ಎಂಬ ಏರ್ಪಾಡು 1906ರಲ್ಲಿ ಬಂದಿತು. ಅಂದಿನಿಂದ ಬೆಂಗಳೂರಿನ ಗಡಿಯಾರ ಇಲ್ಲಿಯ ಸೂರ್ಯನಿಗಿಂತ ಸುಮಾರು 20 ನಿಮಿಷ ಮುಂದೆ ನಡೆಯುತ್ತಿದೆ. ದೇಶದ ವೇಳೆಯನ್ನು ನಿರ್ಧರಿಸುವ ರೇಖಾಂಶ ಬೆಂಗಳೂರಿನಿಂದ ಸುಮಾರು ಐದು ಡಿಗ್ರಿ ಪೂರ್ವಕ್ಕಿರುವುದೇ ಇದಕ್ಕೆ ಕಾರಣ. ಆದ್ದರಿಂದ ಹನ್ನೆರಡು ಹೊಡೆದಾಗ ಇಲ್ಲಿ ಸೂರ್ಯ ನೆತ್ತಿಗೆ ಬಂದಿರುವುದಿಲ್ಲ. ಬೆಂಗಳೂರಿನಲ್ಲಿ ತಡಮಾಡಲು ಯಾರಿಗಾದರೂ ನ್ಯಾಯವಾದ ಕಾರಣವಿದ್ದರೆ ಅದು ಆ ಸೂರ್ಯನೊಬ್ಬನಿಗೆ ಮಾತ್ರ.

ಇನ್ನು ಕೈಗಡಿಯಾರದ ಮಟ್ಟಿಗೆ ಹೇಳುವುದಾದರೆ, ಬೆಂಗಳೂರೇ ದೇಶಕ್ಕೆ ವೇಳೆ ಹಂಚಿದ ಊರು. ಹಿಂದುಸ್ತಾನ್ ಮೆಷಿನ್ ಟೂಲ್ಸ್ ಸಂಸ್ಥೆ ಜಪಾನಿನ ಸಿಟಿಜನ್ ಸಂಸ್ಥೆಯ ನೆರವಿನಿಂದ 1961ರಲ್ಲಿ ಇಲ್ಲಿ ಕೈಗಡಿಯಾರ ತಯಾರಿಸತೊಡಗಿತು. ಎಚ್.ಎಂ.ಟಿ. ‘ಜನತಾ’ ಒಂದು ತಲೆಮಾರಿನ ಮಣಿಕಟ್ಟಿನ ಆಭರಣ. ಎಸ್.ಎಸ್.ಎಲ್.ಸಿ. ಪಾಸಾದ ಮಗನಿಗೆ, ಹಸೆಮಣೆ ಏರುವ ಅಳಿಯನಿಗೆ ಅದಕ್ಕಿಂತ ಮಿಗಿಲಾದ ಉಡುಗೊರೆ ಇರಲಿಲ್ಲ. ಆ ಸಂಸ್ಥೆಯ ಗಡಿಯಾರದ ವಿಭಾಗ 2016ರಲ್ಲಿ ಮುಚ್ಚಿತು. ಜಯನಗರದ ನೆರೆಯಲ್ಲೇ ಇರುವ ಲಾಲ್‌ಬಾಗಿನಲ್ಲಿ ಅದು 1983ರಲ್ಲಿ ನಿಲ್ಲಿಸಿಕೊಟ್ಟ ಹೂವಿನ ಗಡಿಯಾರ, ಏಳು ಮೀಟರು ಅಗಲದ್ದು, ಈಗಲೂ ಮಕ್ಕಳ ಕಣ್ಣು ಸೆಳೆಯುತ್ತದೆ. ಈಗಂತೂ ಪ್ರತಿಯೊಬ್ಬರ ಕೈಯಲ್ಲಿರುವ ಫೋನು ಸೆಕೆಂಡು ತಪ್ಪದ ವೇಳೆ ತೋರಿಸುತ್ತದೆ. ಆದರೂ ಆರೂವರೆ ಎಂಟಾಗುವುದು ತಪ್ಪಿಲ್ಲ.

ಪರಿವೆ ಉಂಟು, ಗಡಿಯಾರವೂ ಉಂಟು. ಇಲ್ಲದಿರುವುದು ಯಾವುದು? ಮತ್ತೆ ಆ ಕರೆಯೋಲೆಯನ್ನೇ ನೋಡಬೇಕು. ಮುಹೂರ್ತ ದೇವರದು, ಗ್ರಹಗಳದು. ಅವು ಕಾಯುವುದಿಲ್ಲವೆಂಬ ಭಯ ಉಂಟು. ಆರತಕ್ಷತೆ ಮನುಷ್ಯರದು, ಅವರು ಕಾಯುತ್ತಾರೆಂಬ ಧೈರ್ಯ ಉಂಟು. ಕೊರತೆ ಇರುವುದು ಇಷ್ಟೇ: ಎದುರಿಗಿರುವ ಮನುಷ್ಯನ ಹೊತ್ತಿಗೂ ಬೆಲೆಯುಂಟು ಎಂಬ ಭಾವನೆ.

ಇದು ಎಲ್ಲಕ್ಕಿಂತ ಚೆನ್ನಾಗಿ ಕಾಣುವುದು ಸಾರ್ವಜನಿಕ ಸಭೆಗಳಲ್ಲಿ. ಐದೂವರೆಗೆ ಸಭೆ ಎಂದು ಪ್ರಕಟವಾಗಿದೆ. ನಿವೃತ್ತರಾದ ಉಪಾಧ್ಯಾಯರೊಬ್ಬರು ಊರುಗೋಲು ಹಿಡಿದು ಐದು ಇಪ್ಪತ್ತಕ್ಕೇ ಬಂದು ಮೂರನೆಯ ಸಾಲಿನಲ್ಲಿ ಕುಳಿತಿದ್ದಾರೆ. ಧ್ವನಿವರ್ಧಕದವನು “ಹಲೋ, ಒಂದು, ಎರಡು, ಮೂರು” ಎಂದು ಎಣಿಸುತ್ತಿದ್ದಾನೆ. ಆರು ಗಂಟೆಗೆ ಕಾರ್ಯದರ್ಶಿಗಳು, “ಅಧ್ಯಕ್ಷರು ದಾರಿಯಲ್ಲಿದ್ದಾರೆ” ಎನ್ನುತ್ತಾರೆ. ಆರೂಮುಕ್ಕಾಲಿಗೆ ಅಧ್ಯಕ್ಷರು ಬರುತ್ತಾರೆ. ಅವರಿಗೆ ಹಾರ, ಫಲತಾಂಬೂಲ, ಶಾಲು. ಉಪಾಧ್ಯಾಯರಿಗೆ ಒಂದೂಕಾಲು ಗಂಟೆಯ ಕಾಯುವಿಕೆ. ಹೊತ್ತಿಗೆ ಬಂದವರಿಗೆ ದಂಡ, ತಡವಾಗಿ ಬಂದವರಿಗೆ ಸನ್ಮಾನ. ಇಂಥ ಶಾಲೆಯಲ್ಲಿ ಕಲಿತ ಊರು ಬೇರೇನು ಕಲಿತೀತು? ಮುಂದಿನ ಸಭೆಗೆ ಆ ಉಪಾಧ್ಯಾಯರೂ ಆರೂವರೆಗೇ ಹೊರಡುತ್ತಾರೆ. ಎಲ್ಲರೂ ತಡವಾಗಿ ಬರುವರೆಂದು ಸಭೆ ತಡವಾಗುತ್ತದೆ. ಸಭೆ ತಡವಾಗುವುದೆಂದು ಎಲ್ಲರೂ ತಡವಾಗಿ ಬರುತ್ತಾರೆ. ಬೀಜವೃಕ್ಷ ನ್ಯಾಯ.

ಸರ್. ಎಂ. ವಿಶ್ವೇಶ್ವರಯ್ಯನವರ ವೇಳೆಯ ಶಿಸ್ತು ಕನ್ನಡನಾಡಿನ ಮನೆಮಾತು. 1912ರಿಂದ 1918ರವರೆಗೆ ಮೈಸೂರಿನ ದಿವಾನರಾಗಿದ್ದ ಆ ಹಿರಿಯರು ನೂರು ವರ್ಷ ದಾಟಿ ಬಾಳಿ 1962ರಲ್ಲಿ ತೀರಿಕೊಂಡರು. ಅವರ ಜನ್ಮದಿನವಾದ ಸೆಪ್ಟೆಂಬರ್ 15 ಇಂಜಿನಿಯರುಗಳ ದಿನವಾಗಿದೆ. ಆ ದಿನ ಅವರ ಸಮಯಪಾಲನೆಯನ್ನು ಹೊಗಳಲು ಸೇರಿದ ಸಭೆಯೇ ಮುಕ್ಕಾಲು ಗಂಟೆ ತಡವಾದರೆ, ಅವರ ಭಾವಚಿತ್ರಕ್ಕೆ ಹಾಕಿದ ಹಾರ ಯಾರಿಗೆ ಸಂದಂತಾಯಿತು?

ಈ ಬೀಜವೃಕ್ಷ ನ್ಯಾಯವನ್ನು ಮುರಿಯಲು ಸಾಧ್ಯವೇ ಎಂದು ಕೇಳುವವರಿಗೆ ಉತ್ತರ ದೂರದಲ್ಲಿಲ್ಲ; ಜೆ.ಪಿ. ನಗರದ ಎರಡನೆಯ ಹಂತದಲ್ಲಿದೆ. ನಟ, ನಿರ್ದೇಶಕ ಶಂಕರನಾಗ್ 1990ರ ಸೆಪ್ಟೆಂಬರ್ 30ರಂದು ದಾವಣಗೆರೆಯ ಬಳಿ ರಸ್ತೆ ಅಪಘಾತದಲ್ಲಿ ತೀರಿಕೊಂಡಾಗ ಅವರಿಗೆ ಇನ್ನೂ 36 ತುಂಬಿರಲಿಲ್ಲ. ಅವರ ನೆನಪಿಗಾಗಿ ಪತ್ನಿ ಅರುಂಧತಿನಾಗ್ ವರ್ಷಗಟ್ಟಲೆ ದುಡಿದು, ಜೊತೆಗಾರರನ್ನು ಕೂಡಿಸಿ ಕಟ್ಟಿದ ‘ರಂಗಶಂಕರ’ 2004ರಲ್ಲಿ ಬಾಗಿಲು ತೆರೆಯಿತು. ದಿನಕ್ಕೊಂದು ನಾಟಕ ಎಂಬುದು ಅಲ್ಲಿಯ ಸಂಕಲ್ಪ. ಸಂಜೆಯ ಆಟ ಏಳೂವರೆಗೆ. ಏಳೂವರೆ ಎಂದರೆ ಏಳೂವರೆ. ಆಟ ಆರಂಭವಾಯಿತೆಂದರೆ ಬಾಗಿಲು ಮುಚ್ಚಿತು. ಅನಂತರ ಬಂದವರಿಗೆ ಪ್ರವೇಶವಿಲ್ಲ. ಟಿಕೆಟ್ಟು ಕೈಯಲ್ಲಿದೆ, ದೂರದಿಂದ ಬಂದಿದ್ದೇನೆ, ನಾನು ಇಂಥವನು, ಯಾವ ಮಾತೂ ನಡೆಯುವುದಿಲ್ಲ.

ಈ ನಿಯಮದ ಹಿಂದೆ ಸರಳವಾದ ಲೆಕ್ಕವೊಂದು ಅಡಗಿದೆ. ಮುನ್ನೂರು ಮಂದಿ ಕುಳಿತ ರಂಗಮಂದಿರದಲ್ಲಿ ಒಬ್ಬರಿಗಾಗಿ ಐದು ನಿಮಿಷ ಕಾಯುವುದೆಂದರೆ ಹೋದದ್ದು ಐದು ನಿಮಿಷವಲ್ಲ. ಮುನ್ನೂರು ಜನರ ಐದೈದು ನಿಮಿಷ. ಕೂಡಿದರೆ 1500 ನಿಮಿಷ, 25 ಗಂಟೆ. ಒಂದು ಹಗಲು, ಒಂದು ರಾತ್ರಿ, ಮೇಲೆ ಒಂದು ಗಂಟೆ. ಕಾಯದೆ ಆಟ ಆರಂಭಿಸಿ, ತಡವಾಗಿ ಬಂದವರನ್ನು ನಡುವೆ ಒಳಗೆ ಬಿಟ್ಟರೆ? ಸಿನಿಮಾದ ಬಿಳಿಯ ಪರದೆಗೆ ಅದರಿಂದ ನಷ್ಟವಿಲ್ಲ. ನಾಟಕದಲ್ಲಿ ಎದುರಿಗೆ ಜೀವಂತ ನಟನಿದ್ದಾನೆ. ತಿಂಗಳುಗಟ್ಟಲೆ ತಾಲೀಮು ಮಾಡಿ, ಮೊದಲ ಮಾತಿಗೆ ಮೈಯೆಲ್ಲ ಮನಸ್ಸಾಗಿ ನಿಂತವನ ಮುಂದೆ ಬಾಗಿಲ ಬೆಳಕು ಬೀಳುತ್ತದೆ, ಕುರ್ಚಿ ಕಿರುಗುಟ್ಟುತ್ತದೆ, ಸಾಲಿನವರೆಲ್ಲ ಮೊಣಕಾಲು ಸರಿಸುತ್ತಾರೆ. ಆ ಮೊದಲ ಮಾತು ಮತ್ತೆ ಬರುವುದಿಲ್ಲ.

ವಿಶೇಷವೆಂದರೆ ಅಲ್ಲಿಗೆ ಬರುವವರೂ ಇದೇ ಬೆಂಗಳೂರಿನವರು. ಆರತಕ್ಷತೆಗೆ ಎಂಟಕ್ಕೆ ಹೊರಡುವವರು, ಸಭೆಗೆ ಆರೂವರೆಗೆ ಬರುವವರು. ಅವರೇ ರಂಗಶಂಕರಕ್ಕೆ ಏಳಕ್ಕೇ ಬಂದು, ಅಂಗಳದ ಉಪಾಹಾರದ ಕಟ್ಟೆಯ ಬಳಿ ಕಾಫಿ ಕುಡಿದು, ಸಾಲುಗಟ್ಟಿ ನಿಲ್ಲುತ್ತಾರೆ. ಜನ ಬದಲಾಗಲಿಲ್ಲ, ನೀರು ಬದಲಾಗಲಿಲ್ಲ, ಗಾಳಿ ಬದಲಾಗಲಿಲ್ಲ. ಬದಲಾದದ್ದು ಒಂದೇ: ಕರೆದವರು ತಮ್ಮ ಮಾತನ್ನು ಮೊದಲು ತಾವೇ ನಡೆಸಿದರು. ಹೊತ್ತಿಗೆ ಬಂದವರು ಅಲ್ಲಿ ಮೋಸಹೋಗುವುದಿಲ್ಲವೆಂಬ ನಂಬಿಕೆ ಹುಟ್ಟಿತು. ಆ ನಂಬಿಕೆ ಹುಟ್ಟಿದ ಮೇಲೆ ಶಿಸ್ತು ತಾನಾಗಿಯೇ ಬಂತು. ಸಮಯಪಾಲನೆ ರಕ್ತದಲ್ಲಿ ಬರುವ ಗುಣವೆಂದೂ, ಅದು ಕೆಲವು ದೇಶಗಳಿಗೆ ಮಾತ್ರ ಸೇರಿದ್ದೆಂದೂ ಹೇಳುವವರು ಒಂದು ಸಂಜೆ ಆ ಅಂಗಳದಲ್ಲಿ ನಿಂತು ನೋಡಬೇಕು.

“ಅದು ಕ್ರೌರ್ಯವಲ್ಲವೇ?” ಎನ್ನುವವರಿದ್ದಾರೆ. ಅವರ ಮಾತನ್ನೂ ತಳ್ಳಿಹಾಕುವಂತಿಲ್ಲ. ಮಗಳಿಗೆ ಮೊದಲ ನಾಟಕ ತೋರಿಸಬೇಕೆಂದು ತಂದೆಯೊಬ್ಬ ಐದೂವರೆಗೇ ಕೆಲಸ ಬಿಟ್ಟು ಹೊರಟಿರಬಹುದು. ಮಳೆ ಬಂದಿರಬಹುದು, ಸಿಲ್ಕ್ ಬೋರ್ಡ್ ವೃತ್ತದಲ್ಲಿ ಗಾಡಿಗಳು ನಿಂತಲ್ಲೇ ನಿಂತಿರಬಹುದು. ಏಳು ಮೂವತ್ತೆರಡಕ್ಕೆ ಬಾಗಿಲ ಬಳಿ ಬಂದು ನಿಂತ ಆ ಮಗುವಿನ ಮುಖ ಕಲ್ಪಿಸಿಕೊಂಡರೆ ಯಾರ ಮನಸ್ಸಾದರೂ ಕರಗೀತು. ಅವನದು ಸೋಮಾರಿತನವಲ್ಲ. ಆದರೂ ದಂಡ ತೆತ್ತವನು ಅವನೇ. ಇದು ಅನ್ಯಾಯವೇ ಸರಿ. ಆದರೆ ಆ ಅನ್ಯಾಯ ಮಾಡಿದ್ದು ಬಾಗಿಲಲ್ಲ, ರಸ್ತೆ.

ಬೆಂಗಳೂರಿನ ರಸ್ತೆಯ ದೊಡ್ಡ ದೋಷ ಅದು ನಿಧಾನವಾಗಿರುವುದಲ್ಲ, ಅನಿಶ್ಚಿತವಾಗಿರುವುದು. ಬಿ.ಟಿ.ಎಂ. ಬಡಾವಣೆಯಿಂದ ಬನಶಂಕರಿಗೆ ಯಾವಾಗಲೂ ಒಂದು ಗಂಟೆ ಹಿಡಿಯುವುದಾದರೆ ಜನ ಒಂದು ಗಂಟೆ ಮುಂಚೆ ಹೊರಟಾರು. ಆದರೆ ಇಂದು ಇಪ್ಪತ್ತು ನಿಮಿಷ, ನಾಳೆ ಎಪ್ಪತ್ತು ನಿಮಿಷ ಎಂದಾದರೆ ಲೆಕ್ಕ ಹಾಕುವುದು ಹೇಗೆ? 2025ರ ಆಗಸ್ಟಿನಲ್ಲಿ ದಾನಿಯೊಬ್ಬರ ಯಕೃತ್ತನ್ನು ವೈಟ್‌ಫೀಲ್ಡಿನ ಕಡೆಯಿಂದ ರಾಜರಾಜೇಶ್ವರಿನಗರದ ಆಸ್ಪತ್ರೆಗೆ ಸಾಗಿಸಲು ವೈದ್ಯರು ಆಯ್ದುಕೊಂಡದ್ದು ಮೆಟ್ರೋ ರೈಲನ್ನು. ದೇಹದಿಂದ ಬೇರ್ಪಟ್ಟ ಅಂಗಕ್ಕೆ ಬದುಕುಳಿಯಲು ಎಣಿಸಿಟ್ಟ ಗಂಟೆಗಳು ಮಾತ್ರ. ರೈಲು ಎಷ್ಟು ಹೊತ್ತಿಗೆ ತಲಪುವುದೆಂದು ಹೇಳಬಹುದು; ರಸ್ತೆಯ ವಿಷಯದಲ್ಲಿ ಅಂಥ ಮಾತು ಕೊಡುವ ಧೈರ್ಯ ಯಾರಿಗುಂಟು? ಹೇಳಿದ ಹೊತ್ತಿಗೆ ತಲಪುವುದೆಂಬುದು ಅಲ್ಲಿ ಸಭ್ಯತೆಯ ಪ್ರಶ್ನೆಯಾಗಿರಲಿಲ್ಲ, ಒಂದು ಜೀವದ ಪ್ರಶ್ನೆಯಾಗಿತ್ತು.

ಅದೇ ತಿಂಗಳ 10ರಂದು ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರದವರೆಗಿನ ಹಳದಿ ಮಾರ್ಗದ ಉದ್ಘಾಟನೆಯಾಯಿತು. ರಾಗಿಗುಡ್ಡ, ಜಯದೇವ ಆಸ್ಪತ್ರೆ, ಬಿ.ಟಿ.ಎಂ. ಬಡಾವಣೆ, ಸಿಲ್ಕ್ ಬೋರ್ಡ್ ಎಂದು ದಕ್ಷಿಣ ಬೆಂಗಳೂರಿನವರು ವರ್ಷಗಟ್ಟಲೆ ಎದುರುನೋಡಿದ ದಾರಿ. ಮೊದಲಿಗೆ ಇದ್ದದ್ದು ಮೂರೇ ರೈಲು. ಆದ್ದರಿಂದ 25 ನಿಮಿಷಕ್ಕೊಂದು. ಹಳೆಯ ಲೆಕ್ಕದ ಒಂದು ಘಳಿಗೆಗಿಂತ ಒಂದೇ ನಿಮಿಷ ಹೆಚ್ಚು. ಅರ್ಧ ನಿಮಿಷ ತಡವಾಗಿ ಮೆಟ್ಟಿಲೇರಿದವರು ಒಂದು ಘಳಿಗೆ ಕಾಯಬೇಕಾಯಿತು. ಕೆಲವೇ ದಿನಗಳಲ್ಲಿ ಜನ ವೇಳಾಪಟ್ಟಿ ನೋಡಿ ಮನೆಯಿಂದ ಹೊರಡುವುದನ್ನು ಕಲಿತರು. ಮುಂದೆ ರೈಲುಗಳು ಹೆಚ್ಚಿ ಅಂತರ ಕಡಿಮೆಯಾಯಿತು. ರಂಗಶಂಕರದ ಬಾಗಿಲು ಕಲಿಸಿದ ಪಾಠವನ್ನೇ ರೈಲಿನ ಬಾಗಿಲೂ ಕಲಿಸಿತು. ಶಂಕರನಾಗ್ ತಮ್ಮ ಕಾಲದಲ್ಲೇ ಬೆಂಗಳೂರಿಗೆ ಇಂಥ ರೈಲು ಬೇಕೆಂದು ಕನಸು ಕಂಡವರು ಎಂಬುದನ್ನು ಇಲ್ಲಿ ನೆನೆಯಬಹುದು.

ಆದರೆ ರೈಲು ಬಂದ ಮಾತ್ರಕ್ಕೆ ಎಲ್ಲ ಸರಿಹೋಗುವುದಿಲ್ಲ. ರಸ್ತೆಯನ್ನು ಮುಂದಿಟ್ಟು ತಪ್ಪಿಸಿಕೊಳ್ಳುವವರೂ ಉಂಟು. “ಸೌತ್ ಎಂಡ್ ಸರ್ಕಲ್ ದಾಟಿದೆ, ಐದೇ ನಿಮಿಷ” ಎಂದು ಫೋನಿನಲ್ಲಿ ಹೇಳುವ ಮಹಾಶಯರು ಇನ್ನೂ ಬನಶಂಕರಿಯ ಮನೆಯಲ್ಲಿ ಕನ್ನಡಿಯ ಮುಂದೆ ತಲೆ ಬಾಚುತ್ತಿರುತ್ತಾರೆ. ಫೋನು ಬಂದ ಮೇಲೆ ತಡವಾಗುವ ಮುನ್ನ ತಿಳಿಸುವುದು ಸುಲಭವಾಯಿತು. ಜೊತೆಗೆ ಸುಳ್ಳು ಹೇಳುವುದೂ ಸುಲಭವಾಯಿತು. “ಇನ್ನೂ ಮುಕ್ಕಾಲು ಗಂಟೆಯಾಗುತ್ತದೆ, ಕ್ಷಮಿಸಿ” ಎಂಬ ಒಂದು ನಿಜ ಹೇಳಿದರೆ ಕಾಯುವವರು ಅಷ್ಟರಲ್ಲಿ ಬೇರೊಂದು ಕೆಲಸ ಮುಗಿಸಿಕೊಳ್ಳಬಹುದು. ಐದೇ ನಿಮಿಷ ಎಂದವರು ಅದನ್ನೂ ಕಸಿದುಕೊಂಡು ಎದುರಿನವರನ್ನು ಬಾಗಿಲಿಗೆ ಕಟ್ಟಿಹಾಕುತ್ತಾರೆ.

ಇಲ್ಲಿ ಇನ್ನೊಂದು ವಿಷಯ ಗಮನಿಸತಕ್ಕದ್ದು. ಕಾಯುವವರು ಯಾರು, ಕಾಯಿಸುವವರು ಯಾರು? ಅಧಿಕಾರಿ ಕಾಯಿಸುತ್ತಾನೆ, ಅರ್ಜಿದಾರ ಕಾಯುತ್ತಾನೆ. ಯಜಮಾನ ಕಾಯಿಸುತ್ತಾನೆ, ಕಾರಿನ ಚಾಲಕ ಕಾಯುತ್ತಾನೆ. ನೀರಿನಂತೆ ತಡವೂ ಯಾವಾಗಲೂ ಮೇಲಿನಿಂದ ಕೆಳಕ್ಕೇ ಹರಿಯುತ್ತದೆ. ಮನೆಗೆಲಸದ ಹೆಂಗಸಿನ ಬೆಳಗನ್ನು ನೋಡಿದರೆ ಇದು ಸ್ಪಷ್ಟವಾಗುತ್ತದೆ. ಅವಳಿಗೆ ನಾಲ್ಕು ಮನೆ. ಆರೂವರೆಗೆ ಮೊದಲ ಮನೆಯ ಕರೆಗಂಟೆ ಒತ್ತುತ್ತಾಳೆ. ಒಳಗಿನವರು ರಾತ್ರಿ ತಡವಾಗಿ ಮಲಗಿದವರು. ಬಾಗಿಲು ತೆರೆಯುವಾಗ ಕಾಲು ಗಂಟೆಯಾಗಿರುತ್ತದೆ. ಎರಡನೆಯ ಮನೆಯಲ್ಲಿ ಪಾತ್ರೆ ಇನ್ನೂ ಖಾಲಿಯಾಗಿಲ್ಲ, ಹತ್ತು ನಿಮಿಷ. ಮೂರನೆಯದರಲ್ಲಿ “ಇದೊಂದು ಒರೆಸಿ ಹೋಗು”. ಮತ್ತೆ ಹತ್ತು ನಿಮಿಷ. ನಾಲ್ಕನೆಯ ಮನೆಗೆ ಬರುವ ಹೊತ್ತಿಗೆ ಮೂವತ್ತೈದು ನಿಮಿಷ ತಡ. ಅಲ್ಲಿಯ ಗೃಹಿಣಿ ಕಚೇರಿಗೆ ಹೊರಟು ನಿಂತಿದ್ದಾರೆ. “ದಿನಾ ಇದೇ ಕಥೆ, ನಿಮಗೆ ಹೊತ್ತಿನ ಬೆಲೆಯೇ ಗೊತ್ತಿಲ್ಲ” ಎಂಬ ಮಾತು ಬೀಳುತ್ತದೆ. ಮೂವತ್ತೈದು ನಿಮಿಷದಲ್ಲಿ ಒಂದು ನಿಮಿಷವೂ ಅವಳದಲ್ಲ. ಬೈಗುಳ ಮಾತ್ರ ಪೂರ್ತಿ ಅವಳದೇ. ಬಾಗಿಲು ಮುಚ್ಚುವ ಅಧಿಕಾರ ಅವಳಿಗಿಲ್ಲ.

ಆದ್ದರಿಂದ ಸಮಯಪಾಲನೆ ಆರಂಭವಾಗಬೇಕಾದದ್ದು ಕೆಳಗಿನಿಂದಲ್ಲ, ಮೇಲಿನಿಂದ. ಹಾಜರಿ ಪುಸ್ತಕದಲ್ಲಿ ಕೆಂಪು ಗೆರೆ ಎಳೆಯುವವರು ಮೊದಲು ತಾವು ಬಂದ ಹೊತ್ತನ್ನು ಬರೆಯಬೇಕು. ಸಭೆ ಕರೆದವರು ಅಧ್ಯಕ್ಷರ ಕುರ್ಚಿ ಖಾಲಿಯಿದ್ದರೂ ಪ್ರಾರ್ಥನೆ ಹಾಡಿಸಿಬಿಡಬೇಕು. ಎರಡು ಸಲ ಹಾಗೆ ಮಾಡಿದರೆ ಮೂರನೆಯ ಸಲ ಅಧ್ಯಕ್ಷರು ಐದು ಇಪ್ಪತ್ತಕ್ಕೇ ಬಂದಾರು. ಆರತಕ್ಷತೆ ಎಂಟಕ್ಕೇ ನಡೆಯುವುದಾದರೆ ಕರೆಯೋಲೆಯಲ್ಲಿ ಎಂಟು ಎಂದೇ ಅಚ್ಚು ಹಾಕಿಸಬೇಕು. ಅದರಲ್ಲಿ ಅವಮಾನವೇನೂ ಇಲ್ಲ. ಮನೆಗೆಲಸದವಳಿಗೆ ಆರೂವರೆ ಎಂದರೆ ಆರೂವರೆಗೆ ಅಗುಳಿ ತೆಗೆದಿರಬೇಕು. ಇವು ದೊಡ್ಡ ತ್ಯಾಗಗಳಲ್ಲ. ನುಡಿದ ಮಾತಿನಂತೆ ನಡೆಯುವುದು, ಅಷ್ಟೇ.

ಹಾಗೆಂದ ಮಾತ್ರಕ್ಕೆ ಗಡಿಯಾರಕ್ಕೆ ದಾಸರಾಗಬೇಕೆಂದು ಅರ್ಥವಲ್ಲ. ನೆರೆಮನೆಯ ವೃದ್ಧರು ಬಿದ್ದು ಕಾಲು ಮುರಿದುಕೊಂಡಾಗ ಅವರನ್ನು ಆಸ್ಪತ್ರೆಗೆ ಸೇರಿಸಿ ಬಂದವನು ಕಚೇರಿಗೆ ಎರಡು ಗಂಟೆ ತಡವಾದರೆ ಅವನು ಹೊತ್ತನ್ನು ಹಾಳುಮಾಡಿದವನಲ್ಲ, ಬೇರೊಬ್ಬರಿಗೆ ಕೊಟ್ಟವನು. ಹೊತ್ತನ್ನು ಕೊಡುವುದು ಬೇರೆ, ಕಸಿಯುವುದು ಬೇರೆ. ತಡವಾಗಿ ಬಂದ ಪ್ರತಿಯೊಬ್ಬರೂ ತಮ್ಮನ್ನು ತಾವೇ ಕೇಳಿಕೊಳ್ಳಬೇಕಾದ ಪ್ರಶ್ನೆ ಅದೊಂದೇ.

ಸಂಜೆ ಐದು ಗಂಟೆ. ಜಯನಗರದ ಮನೆಯೊಂದರ ಗೇಟಿನ ಬಳಿ ಆರು ವರ್ಷದ ಹುಡುಗನೊಬ್ಬ ಬೂಟು ಹಾಕಿಕೊಂಡು ನಿಂತಿದ್ದಾನೆ. ಐದಕ್ಕೆ ಲಾಲ್‌ಬಾಗಿಗೆ ಕರೆದೊಯ್ಯುವೆನೆಂದು ತಂದೆ ಬೆಳಗ್ಗೆ ಹೇಳಿದ್ದಾನೆ. ಹೂವಿನ ಗಡಿಯಾರದಲ್ಲಿ ಮುಳ್ಳು ಎಲ್ಲಿದೆಯೆಂದು ಓದುವುದನ್ನು ಹುಡುಗ ಶಾಲೆಯಲ್ಲಿ ಆಗತಾನೇ ಕಲಿತಿದ್ದಾನೆ. ಅದನ್ನು ತಂದೆಗೆ ತೋರಿಸಬೇಕಾಗಿದೆ. ಅವನು ಒಳಗೆ ಹೋಗಿ ಗೋಡೆಯ ಗಡಿಯಾರ ನೋಡಿ ಬರುತ್ತಾನೆ, ಮತ್ತೆ ಹೋಗುತ್ತಾನೆ, ಮತ್ತೆ ಬರುತ್ತಾನೆ. ಐದು ಎಂದರೆ ಐದೇ ಎಂದು ಅವನು ಇನ್ನೂ ನಂಬಿದ್ದಾನೆ. ಐದು ಎಂದರೆ ಆರೂವರೆ ಎಂಬುದನ್ನು ಅವನಿಗೆ ಕಲಿಸಬಲ್ಲವನು ಒಬ್ಬನೇ. ಅವನು ಕಚೇರಿಯಿಂದ ಹೊರಟನೇ?